ದೂರಿನಲ್ಲಿ ‘ಸೆಕ್ಸ್‌ಟಿಂಗ್’ ಎಂದು ಬರೆದರೆ ಸಾಲದು

ಫೋನಿನಲ್ಲಿ ಲೈಂಗಿಕ ಸಂದೇಶ ಕಳಿಸುವುದಕ್ಕೆ ಸೆಕ್ಸ್‌ಟಿಂಗ್ ಎನ್ನುತ್ತಾರೆ. ಸೆಕ್ಸ್ ಮತ್ತು ಟೆಕ್ಸ್ಟಿಂಗ್ ಬೆಸೆದುಕೊಂಡು ಹುಟ್ಟಿದ ಈ ಪದ 2005ರಷ್ಟು ಹಿಂದೆಯೇ ಆಸ್ಟ್ರೇಲಿಯಾದ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಎಸ್ಸೆಮ್ಮೆಸ್ ಕಾಲದ ಪದ ಅದು. ಒಂದು ಸಂದೇಶಕ್ಕೆ ಇಂಗ್ಲಿಷಿನಲ್ಲಿ 160 ಅಕ್ಷರದ ಮಿತಿ, ಕನ್ನಡ ಲಿಪಿಯಲ್ಲಾದರೆ 70. ಅಷ್ಟರಲ್ಲಿ ಪೋಲಿ ಮಾತು ಹಿಡಿಸಬಹುದಿತ್ತು, ಅಷ್ಟೇ. ಕ್ಯಾಮೆರಾ ಫೋನ್ ಎಲ್ಲರ ಜೇಬಿಗೆ ಬಂದ ಮೇಲೆ ಫೋಟೊ, ವಿಡಿಯೊಗಳೂ ಇದೇ ಪದದಡಿ ಸೇರಿಕೊಂಡವು. 2011ರಲ್ಲಿ ಕನ್ಸೈಸ್ ಆಕ್ಸ್‌ಫರ್ಡ್ ನಿಘಂಟು ಅದಕ್ಕೆ ಜಾಗ ಕೊಟ್ಟಿತು.

ತೊಡಕು ಶುರುವಾಗುವುದು ಇಲ್ಲಿಂದಲೇ. ಇಬ್ಬರು ವಯಸ್ಕರ ಖಾಸಗಿ ಸಲ್ಲಾಪ, ಬೇಡವೆಂದರೂ ಬಂದು ಬೀಳುವ ನಗ್ನ ಚಿತ್ರ, ಹದಿನಾರರ ಹುಡುಗಿಯಿಂದ ಒತ್ತಾಯಿಸಿ ಪಡೆದ ಫೋಟೊ, ಎಲ್ಲಕ್ಕೂ ಜನ ಒಂದೇ ಹೆಸರು ಹೇಳುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮು ಲೈಂಗಿಕ ಕೃತ್ಯದ ದೃಶ್ಯವನ್ನು ಪ್ರಕಟಿಸುವ, ರವಾನಿಸುವ ಬಗ್ಗೆ ಹೇಳುತ್ತದೆ: ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಅದರ ಒಕ್ಕಣೆಯಲ್ಲಿ ಒಪ್ಪಿಗೆಯ ಮಾತೇ ಇಲ್ಲ ಎಂಬುದು ನನ್ನ ತಕರಾರು. 67ಬಿ ಮಕ್ಕಳ ಲೈಂಗಿಕ ಚಿತ್ರಗಳದ್ದು; 18 ತುಂಬದವರೆಲ್ಲ ಅಲ್ಲಿ ಮಕ್ಕಳೇ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಇನ್ನೊಂದು ಸೂಕ್ಷ್ಮ ಹಿಡಿಯುತ್ತದೆ: ಹೆಣ್ಣುಮಗಳು ಫೋಟೊ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ, ಹಂಚಿದ್ದು ಅಪರಾಧ. “ನೀನೇ ಕಳಿಸಿದ್ದಲ್ಲವಾ” ಎನ್ನುವವರಿಗೆ ಉತ್ತರ ಅಲ್ಲಿದೆ.

ಆದ್ದರಿಂದ ದೂರಿನಲ್ಲಿ ಪದ ಬೇಡ, ನಡೆದದ್ದು ಬರೆಯಿರಿ: ಯಾವ ನಂಬರಿನಿಂದ ಅಥವಾ ಖಾತೆಯಿಂದ, ಯಾವ ದಿನ ಎಷ್ಟು ಹೊತ್ತಿಗೆ, ಬರಹವೋ ಚಿತ್ರವೋ, ಬೇಡವೆಂದು ಹೇಳಿದ್ದಿರಾ, ಹಣ ಕೇಳಿದರಾ. ಪ್ರೊಫೈಲಿನ ಹೆಸರು ಸಾಲದು, ಅದನ್ನು ಕ್ಷಣದಲ್ಲಿ ಬದಲಿಸಬಹುದು, ಲಿಂಕ್ ನಕಲಿಸಿಕೊಳ್ಳಿ. ಸಿಟ್ಟಿನಲ್ಲಿ ಚಾಟ್ ಅಳಿಸುವುದು ಮಾಮೂಲಿ ತಪ್ಪು. ವಾಟ್ಸ್‌ಆ್ಯಪ್‌ನಲ್ಲಿ ಮಾಯವಾಗುವ ಸಂದೇಶದ ಸೆಟ್ಟಿಂಗ್ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಇದ್ದರೆ ಮೊದಲು ಅದನ್ನು ಆಫ್ ಮಾಡಿ, ಆಗಲೇ ಬಂದಿರುವುದನ್ನು ಅದು ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ. ಒಂದೇ ಸಲ ನೋಡುವ ಫೋಟೊ ಸುರಕ್ಷಿತವೆಂಬ ನಂಬಿಕೆಯೂ ಹುಸಿ. ಸ್ಕ್ರೀನ್‌ಶಾಟ್ ತಡೆದರೇನು, ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದರೆ ಆಯಿತು.

ಮಕ್ಕಳ ಇಂಥ ಚಿತ್ರವಾದರೆ ಈ ಸ್ಕ್ರೀನ್‌ಶಾಟಿನ ಲೆಕ್ಕ ತಿರುಗುಮುರುಗು. ಅದರ ಪ್ರತಿ ತೆಗೆಯಬೇಡಿ, “ಸಾಕ್ಷಿಗಿರಲಿ” ಎಂದು ಚಿಕ್ಕಪ್ಪನಿಗೋ ಶಾಲೆಯ ಗ್ರೂಪಿಗೋ ಕಳಿಸಬೇಡಿ. ಕಳಿಸಿದವರೇ 67ಬಿ ಅಡಿ ಸಿಕ್ಕಿಬೀಳಬಹುದು. ಫೋನನ್ನು ಹಾಗೇ ಠಾಣೆಗೆ ಒಯ್ಯಿರಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗದಡಿ ಹೆಸರು ಹೇಳದೆಯೂ ದೂರು ಕೊಡಬಹುದು. ಬೆದರಿಸಿ ಹಣ ಕಿತ್ತಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇನ್ನೂ ಕೊಟ್ಟಿಲ್ಲವೆಂದರೆ ಕೊಡಲೇಬೇಡಿ, ಒಮ್ಮೆ ಕೊಟ್ಟವರನ್ನೇ ಅವರು ಮತ್ತೆ ಮತ್ತೆ ಕೇಳುವುದು.