ಪ್ಯಾನೆಲ್ ಮುಟ್ಟಿದರೆ ಜುಮ್ ಅನ್ನುತ್ತದೆ, ನ್ಯೂಟ್ರಲ್‌ಗೇ ಅರ್ಥ್ ಸೇರಿಸಬಹುದೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ ಸಾರ್. ಹೊಸ ಪಿಎಲ್‌ಸಿ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಪ್ಯಾನೆಲ್‌ಗೆ ಫೇಸ್, ನ್ಯೂಟ್ರಲ್ ಎರಡೇ ವೈರ್ ಎಳೆದಿದ್ದಾರೆ. ಮೆಷಿನ್ ಚೆನ್ನಾಗಿಯೇ ಓಡುತ್ತಿದೆ, ಆದರೆ ಪ್ಯಾನೆಲ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಟರ್ಮಿನಲ್‌ಗೆ ಲಿಂಕ್ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ ಎಲೆಕ್ಟ್ರಿಷಿಯನ್. ಹಾಕಿಸಬಹುದೇ?

ಉತ್ತರ: ದಯವಿಟ್ಟು ಹಾಕಿಸಬೇಡಿ. ಅರ್ಥ್ ವೈರ್ ಬರುವವರೆಗೆ ಆ ಪ್ಯಾನೆಲ್ ಆಫ್ ಇರಲಿ.

ಜುಮ್ ಅನ್ನುವುದು ಹೆಚ್ಚಾಗಿ 24 ವೋಲ್ಟ್ ಡಿಸಿ ಕೊಡುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನಿಂದ. ಅದರೊಳಗಿನ ಫಿಲ್ಟರ್‌ನಲ್ಲಿ ಫೇಸ್‌ನಿಂದ ಬಾಡಿಗೊಂದು, ನ್ಯೂಟ್ರಲ್‌ನಿಂದ ಬಾಡಿಗೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅವುಗಳ ಮೂಲಕ ಸೋರುವ ಕರೆಂಟು ಅರ್ಥ್‌ಗೆ ಹರಿದುಹೋಗಬೇಕು. ಅರ್ಥ್ ಇಲ್ಲದಿದ್ದರೆ ಬಾಡಿ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಲ್ಲುತ್ತದೆ. ಡಿಜಿಟಲ್ ಮೀಟರಿನಲ್ಲಿ ನ್ಯೂಟ್ರಲ್‌ಗೂ ಬಾಡಿಗೂ ನಡುವೆ 100 ವೋಲ್ಟಿನ ಆಸುಪಾಸು ತೋರಿಸಿದರೆ ಅರ್ಥ್ ಬಂದೇ ಇಲ್ಲ ಎಂದೇ ತಿಳಿಯಿರಿ. ಅರ್ಥ್ ಸರಿಯಿದ್ದರೆ ಒಂದೆರಡು ವೋಲ್ಟ್ ಕಾಣಬಹುದು, ಅಷ್ಟೇ.

ಲಿಂಕ್ ಹಾಕಿದ ಕೂಡಲೇ ಜುಮ್ ನಿಲ್ಲುವುದು ನಿಜ. ಅದಕ್ಕೇ ಈ ಉಪಾಯ ಇಷ್ಟು ಹಬ್ಬಿದೆ. ಆದರೆ ನಾಳೆ ಮೇನ್ ಬೋರ್ಡಿನಲ್ಲಿ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿ ವೈರ್ ಬಿಟ್ಟುಕೊಂಡಿತು ಅಂದುಕೊಳ್ಳಿ. ಫೇಸ್ ಬರುತ್ತಲೇ ಇರುತ್ತದೆ. ಕಾಂಟ್ಯಾಕ್ಟರ್ (ಮೋಟಾರ್ ಆನ್-ಆಫ್ ಮಾಡುವ ಸ್ವಿಚ್) ಕಾಯಿಲ್, ಪ್ಯಾನೆಲ್ ಫ್ಯಾನ್ ಹಾದು ಬಂದ ಆ ಕರೆಂಟು ವಾಪಸ್ ಹೋಗಲು ದಾರಿಯಿಲ್ಲದೆ ನಿಮ್ಮ ಲಿಂಕ್ ಮೂಲಕ ಪ್ಯಾನೆಲ್ ಬಾಗಿಲಿಗೇ ಬರುತ್ತದೆ. ಮೆಷಿನ್ ನಿಂತಿತಲ್ಲ ಎಂದು ಆಪರೇಟರ್ ಮೊದಲು ಕೈಯಿಡುವುದೂ ಅಲ್ಲೇ. ಯಾರಾದರೂ ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದರಂತೂ ವೈರ್ ಬಿಡುವುದೇ ಬೇಡ, ಬಾಡಿಗೆ ನೇರವಾಗಿ 230 ವೋಲ್ಟ್.

ನ್ಯೂಟ್ರಲ್‌ನ ಅರ್ಥಿಂಗ್ ಟ್ರಾನ್ಸ್‌ಫಾರ್ಮರ್ ಹತ್ತಿರ ಆಗಿರುತ್ತದೆ. ನಿಮ್ಮ ಪ್ಯಾನೆಲ್‌ನಲ್ಲಿ ನ್ಯೂಟ್ರಲ್, ಅರ್ಥ್ ಎರಡೂ ಬೇರೆ ಬೇರೆಯಾಗಿಯೇ ಇರಬೇಕು.

ಲೈಸೆನ್ಸ್ ಇರುವವರಿಂದ ಮೇನ್ ಬೋರ್ಡಿನ ಅರ್ಥ್ ಬಾರ್‌ನಿಂದ ಹಸಿರು ವೈರ್ ಎಳೆಸಿ, ಸಣ್ಣ ಸೈಜಿನಲ್ಲಾದರೆ ಫೇಸ್ ವೈರಿನಷ್ಟೇ ದಪ್ಪದ್ದು. ಪ್ಯಾನೆಲ್‌ನಲ್ಲಿ ತಾಮ್ರದ ಅರ್ಥ್ ಬಾರ್ ಇರಲಿ. ಎಸ್‌ಎಂಪಿಎಸ್, ಮೌಂಟಿಂಗ್ ಪ್ಲೇಟ್, ಬಾಗಿಲು, ಒಂದೊಂದಕ್ಕೂ ಅಲ್ಲಿಂದಲೇ ಪ್ರತ್ಯೇಕ ವೈರ್. ವೈರ್ ತುದಿಯ ಲಗ್ ಕೂರುವ ಜಾಗದಲ್ಲಿ ಪೇಂಟ್ ಕೆರೆಯಬೇಕು. ಬಾಗಿಲಿಗೆ ಹಿಂಜನ್ನು ನಂಬುವಂತಿಲ್ಲ, ಹೆಣೆದ ತಾಮ್ರದ ಪಟ್ಟಿಯೇ ಬೇಕು. 415 ವೋಲ್ಟ್ (ತ್ರೀ ಫೇಸ್) ಮೋಟಾರ್ ಇದ್ದರೆ ಅದರ ಬಾಡಿಗೆ ಎರಡು ಪ್ರತ್ಯೇಕ ಅರ್ಥ್ ಕೊಡಬೇಕೆಂದು ನಿಯಮವೇ ಇದೆ. ಎಸ್‌ಎಂಪಿಎಸ್‌ಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ ಹಾಕಿಸಿ.

ಅರ್ಥ್ ವೈರ್ ನೆಲಕ್ಕೆ ಸೇರುವ ಗುಂಡಿ, ಅಂದರೆ ಅರ್ಥ್ ಪಿಟ್ಟನ್ನೂ ನೋಡಿಸಿ. ಬಾಡಿಗೆ ಶೆಡ್ಡುಗಳಲ್ಲಿ ಅದು ಸ್ಕ್ರ್ಯಾಪ್ ಕೆಳಗೆ ಮುಚ್ಚಿಹೋಗಿರುತ್ತದೆ, ಬೇಸಿಗೆಯಲ್ಲಿ ಒಣಗಿಯೂ ಇರುತ್ತದೆ. ಫೇಸ್‌ಗೂ ಅರ್ಥ್‌ಗೂ ಬಲ್ಬ್ ಹಾಕಿ ನೋಡುವ ರೂಢಿ ಬೇಡ. ಅರ್ಥ್ ತುಂಡಾಗಿದ್ದರೆ ಆ ಬಲ್ಬಿನ ಮೂಲಕವೇ ಎಲ್ಲ ಮೆಷಿನ್‌ಗಳ ಬಾಡಿಗೂ ಫೇಸ್ ಬರುತ್ತದೆ. ಅರ್ಥ್ ಟೆಸ್ಟರ್‌ನಲ್ಲೇ ಅಳೆಸಿ.

ಪ್ಯಾನೆಲ್‌ನ ಐಸೊಲೇಟರ್ (ಮೇನ್ ಸ್ವಿಚ್) ಆಫ್ ಮಾಡಿದರೂ ಅದರ ಇನ್‌ಕಮಿಂಗ್ ಟರ್ಮಿನಲ್‌ನಲ್ಲಿ ಕರೆಂಟು ಇದ್ದೇ ಇರುತ್ತದೆ. ಮೇನ್ ಬೋರ್ಡಿನಲ್ಲೇ ಆಫ್ ಮಾಡಿ ಬೀಗ ಹಾಕಿ, ಕೀಲಿ ಕೆಲಸ ಮಾಡುವವನ ಜೇಬಿನಲ್ಲಿರಲಿ. ಮೀಟರನ್ನು ಮೊದಲು ಕರೆಂಟಿರುವ ಕಡೆ ಹಿಡಿದು, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಕರೆಂಟಿರುವ ಕಡೆ ಹಿಡಿದು ನೋಡಬೇಕು. ಬರೀ ಸ್ಕ್ರೂಡ್ರೈವರ್ ಟೆಸ್ಟರ್ ನಂಬಬೇಡಿ.

ಇಷ್ಟಾದ ಮೇಲೂ ಜುಮ್ ಅಂದರೆ ಹೀಟರ್ ಅಥವಾ ಮೋಟಾರಿನಲ್ಲಿ ಇನ್ಸುಲೇಷನ್ ಹೋಗಿರಬಹುದು. ಪಿಎಲ್‌ಸಿ ವೈರ್‌ಗಳನ್ನು ಬಿಚ್ಚಿಟ್ಟು ಹೀಟರ್‌ಗೂ ಮೋಟಾರಿಗೂ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ.