ಮೂಲೆಯಲ್ಲಿದ್ದ ರೇಡಿಯೋಗ್ರಾಂಗೆ ಮೊದಲೇ ಕರೆಂಟ್ ಕೊಡಬೇಡಿ

"ಐದು ನಿಮಿಷ ಚೆನ್ನಾಗಿ ಹಾಡ್ತು ಸಾರ್, ಆಮೇಲೆ ಸುಟ್ಟ ವಾಸನೆ ಬಂತು." ಹಳೇ ರೇಡಿಯೋಗ್ರಾಂ ಬಗ್ಗೆ ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಶುರುವಾಗುವುದೇ ಹೀಗೆ. ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆಯ ಹಳೇ ಮನೆ ಮಾರುವಾಗಲೋ ಕೆಡವುವಾಗಲೋ, ಹಾಲಿನ ಮೂಲೆಯಲ್ಲಿ ಬಟ್ಟೆ ಹೊದ್ದು ತಲೆಯ ಮೇಲೆ ಟೀವಿ ಹೊತ್ತು ಕೂತಿದ್ದ ಪೆಟ್ಟಿಗೆ ಹೊರಗೆ ಬರುತ್ತದೆ. ಒಂದು ಕಡೆ ರೇಡಿಯೋ, ಒಂದು ಕಡೆ ರೆಕಾರ್ಡ್ ಪ್ಲೇಯರ್, ಕೆಳಗೆ ಎಡಬಲಕ್ಕೆ ಸ್ಪೀಕರ್. ಮೂವತ್ತು ನಲವತ್ತು ವರ್ಷ ಸುಮ್ಮನಿದ್ದ ಸೆಟ್ಟು. ಧೂಳು ಒರೆಸಿ, ಪ್ಲಗ್ ಹಾಕಿ, "ನೋಡೋಣ" ಅಂತ ಸ್ವಿಚ್ ಒತ್ತುತ್ತಾರೆ. ವಯಸ್ಸಾಗಿ ಕೆಟ್ಟ ಸೆಟ್ಟುಗಳಿಗಿಂತ ಈ "ನೋಡೋಣ"ದಿಂದ ಕೆಟ್ಟವೇ ನನ್ನ ಬೆಂಚಿಗೆ ಜಾಸ್ತಿ ಬರುತ್ತವೆ.

ಐದು ನಿಮಿಷ ಹಾಡಿ ಆಮೇಲೆ ಸುಡುವುದಕ್ಕೆ ಕಾರಣ ಇದೆ. ವಾಲ್ವ್ ಸೆಟ್ಟಿನಲ್ಲಿ, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ಬುರುಡೆಯಂಥ ವಾಲ್ವ್ ಇಟ್ಟು ಸದ್ದು ಹಿಗ್ಗಿಸುವ ಸೆಟ್ಟಿನಲ್ಲಿ, ಮೊದಲ ಹಂತದ ವಾಲ್ವ್‌ನ ಆನೋಡಿನಲ್ಲಿ (ಒಳಗೆ ಕರೆಂಟ್ ಬಂದು ಸೇರುವ ತಗಡು) ನೂರರ ಆಸುಪಾಸು ಡಿಸಿ ವೋಲ್ಟ್ ಇರುತ್ತದೆ. ಮುಂದಿನ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ನಲ್ಲಿ (ಆ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ) ಸೊನ್ನೆ ಇರಬೇಕು. ಇವೆರಡರ ನಡುವೆ, ಹಾಡನ್ನು ಮಾತ್ರ ದಾಟಿಸಿ ಡಿಸಿಯನ್ನು ತಡೆಯುವುದಕ್ಕೆ ಒಂದು ಸಣ್ಣ ಕಂಡೆನ್ಸರ್ ಇದೆ. ಆ ಕಾಲದಲ್ಲಿ ಅದನ್ನು ಕಾಗದ ಸುತ್ತಿ ಮೇಣ ಬಳಿದು ಮಾಡುತ್ತಿದ್ದರು. ವರ್ಷಗಳ ಥಂಡಿ ಕುಡಿದ ಕಾಗದ ಡಿಸಿಯನ್ನು ಪೂರ್ತಿ ತಡೆಯುವುದಿಲ್ಲ, ಬಿಸಿಯಾದಷ್ಟೂ ಹೆಚ್ಚು ಸೋರುತ್ತದೆ. ಗ್ರಿಡ್ ಪ್ಲಸ್ ಆಗುತ್ತದೆ, ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ಒಳಗಿನ ಬೂದುಬಣ್ಣದ ತಗಡು ಕೆಂಪಗೆ ಕಾಯುತ್ತದೆ. ಆಮೇಲೆ ಅದೇ ಕರೆಂಟ್ ಹರಿಯುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ತಲೆಗೂದಲಿನಷ್ಟು ಸಪೂರದ ತಂತಿ ಸುಟ್ಟುಹೋಗುತ್ತದೆ. ಕೆಲವೇ ರೂಪಾಯಿಯ ಕಂಡೆನ್ಸರ್ ಸಾವಿರಾರು ರೂಪಾಯಿಯ ಕೆಲಸ ಹಚ್ಚುತ್ತದೆ. ಆ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುವುದಿಲ್ಲ, ಬಿಚ್ಚಿ ಸುತ್ತು ಎಣಿಸಿ ಮತ್ತೆ ಸುತ್ತಿಸಬೇಕು. ಅಂಥ ತಾಳ್ಮೆಯ ವೈಂಡಿಂಗ್‌ನವರು ಈಗ ಮೈಸೂರಿನಂಥ ಊರಲ್ಲೂ ಹುಡುಕಿದರೇ ಸಿಗುವುದು.

ಇದರ ಜೊತೆಗೆ ಕರೆಂಟಿನ ಏರಿಳಿತ ಸಮ ಮಾಡುವ ದೊಡ್ಡ ಫಿಲ್ಟರ್ ಕಂಡೆನ್ಸರ್‌ಗಳು. ಅಲ್ಯೂಮಿನಿಯಂ ಡಬ್ಬದಂತೆ ಚಾಸಿಯ (ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಗಡು) ಮೇಲೆ ನಿಂತಿರುತ್ತವಲ್ಲ, ಅವು. ವರ್ಷಗಟ್ಟಲೆ ವೋಲ್ಟೇಜ್ ಕಾಣದೆ ಒಳಗಿನ ಆಕ್ಸೈಡ್ ಪದರ ಹಾಳಾಗಿರುತ್ತದೆ, ದ್ರವ ಒಣಗಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಶಾರ್ಟ್ ಆಗಬಹುದು, ಸಿಡಿಯಲೂಬಹುದು.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಹಿಂದಿನ ರಟ್ಟು ಬಿಚ್ಚಿ, ಟಾರ್ಚ್ ಹಿಡಿದು ಬರೀ ನೋಡಿ. ಇಲಿ ಗೂಡು, ಜಿರಳೆ ಮೊಟ್ಟೆ, ಒಣಗಿದ ಹಲ್ಲಿ ಇವೆಲ್ಲ ಮಾಮೂಲು. ಇಲಿ ಕಡಿದ ವೈರ್ ಇದೆಯಾ, ಮೇಣ ಕರಗಿ ಸುರಿದಿದೆಯಾ ನೋಡಿ. ವಾಲ್ವ್‌ಗಳ ಮೇಲಿನ ನಂಬರ್ ಬರೆದುಕೊಳ್ಳಿ. ಇಸಿಸಿ83, ಇಎಲ್84, ಇಸಿಎಲ್86 ಹೀಗೆ 'ಇ'ಯಿಂದ ಶುರುವಾದರೆ ಹೀಟರ್, ಅಂದರೆ ವಾಲ್ವ್ ಒಳಗಿನ ಕಾಯುವ ತಂತಿ, 6.3 ವೋಲ್ಟಿನದು, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು. ಯುಸಿಎಚ್81, ಯುಎಲ್84 ಹೀಗೆ 'ಯು' ಕಂಡರೆ ಅಲ್ಲೇ ನಿಲ್ಲಿಸಿ. ಅದು ಎಸಿ-ಡಿಸಿ ಎರಡಕ್ಕೂ ಓಡುವ ಸೆಟ್ಟು, ಚಾಸಿ ನೇರವಾಗಿ ಮೇನ್ಸ್‌ಗೆ ಸೇರಿರುತ್ತದೆ. ಪ್ಲಗ್ಗಿನ ಎರಡು ಪಿನ್ ಉಲ್ಟಾ ಸಿಕ್ಕಿಸಿದರೆ ತಗಡಿನಲ್ಲೇ 230 ವೋಲ್ಟ್. ಅಂಥದ್ದನ್ನು ಮನೆಯಲ್ಲಿ ಬಿಚ್ಚಬಾರದು ಅಂತಲೇ ನಾನು ಹೇಳುವುದು.

ಚಾಸಿಯ ಕೆಳಭಾಗಕ್ಕೆ ಕೈ ಹಾಕುವ ಮುಂಚೆ ಇನ್ನೊಂದು ಮಾತು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ 250-300 ವೋಲ್ಟ್ ಉಳಿದಿರಬಹುದು. ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ನಮ್ಮ ಕಡೆಯ ಹಳೇ ಚಾಳಿ, ಅದನ್ನು ಬಿಡಿ. ಹತ್ತು ಕಿಲೋಓಮ್‌ನ ಐದು ವಾಟ್ ರೆಸಿಸ್ಟರ್‌ಗೆ ಎರಡು ಕ್ರೊಕೊಡೈಲ್ ಕ್ಲಿಪ್ ಬೆಸೆದು, ಒಂದನ್ನು ಚಾಸಿಗೆ, ಇನ್ನೊಂದನ್ನು ಕಂಡೆನ್ಸರ್‌ನ ಪ್ಲಸ್‌ಗೆ ಹಾಕಿ ಹತ್ತು ಸೆಕೆಂಡ್ ಬಿಡಿ. ಆಮೇಲೂ ಮೀಟರ್ ಇಟ್ಟು ನೋಡಿಯೇ ಮುಟ್ಟಿ. ಇಷ್ಟು ಓದುವಾಗಲೇ ಎದೆ ಡವಡವ ಅಂದರೆ ಚಾಸಿಯ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಪ್ಲೇಯರ್, ಡಯಲ್, ಪೆಟ್ಟಿಗೆ ಇವುಗಳಲ್ಲಿ ನಿಮಗೆ ಬೇಕಾದಷ್ಟು ಕೆಲಸ ಇದೆ.

ಕಾಗದದ ಕಂಡೆನ್ಸರ್‌ಗಳನ್ನು 630 ವೋಲ್ಟಿನ ಪಾಲಿಯೆಸ್ಟರ್‌ನಿಂದ ಬದಲಿಸಿ. ಒಂದು ತೆಗೆದು, ಒಂದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಕಿತ್ತು ಕೈಚೀಲದಲ್ಲಿ ತಂದುಕೊಟ್ಟವರಿಗೆ ನಾನು ಬಿಲ್ ಜಾಸ್ತಿಯೇ ಹಾಕುತ್ತೇನೆ. ಫಿಲ್ಟರ್ ಕಂಡೆನ್ಸರ್ ಹಾಕುವಾಗ "ದೊಡ್ಡದು ಹಾಕಿದರೆ ಗುಂಯ್‌ಗುಡುವ ಹಮ್ ಕಮ್ಮಿ" ಅಂತ ನೂರು, ಇನ್ನೂರು ಮೈಕ್ರೋಫ್ಯಾರಡ್ ಹಾಕುವವರಿದ್ದಾರೆ. ಎಸಿಯನ್ನು ಡಿಸಿ ಮಾಡುವ ಇಜೆಡ್80, ಇಜೆಡ್81 ರೆಕ್ಟಿಫೈಯರ್ ವಾಲ್ವ್‌ಗಳು ಮೊದಲ ಕಂಡೆನ್ಸರ್ ಆಗಿ ತಡೆಯುವುದು 50 ಮೈಕ್ರೋಫ್ಯಾರಡ್ ಮಾತ್ರ. ಮೀರಿದರೆ ರೆಕ್ಟಿಫೈಯರ್ರೇ ಹೋಗುತ್ತದೆ. ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡ್ ಸಾಕು. ವಾಲ್ವ್ ಬೇಕಾದರೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಅಂತ ಬರೆದದ್ದು ಕಂಡರೆ ಬಿಡಬೇಡಿ. ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಮಾಲು, ಈಗಲೂ ಗಟ್ಟಿ.

ಈಗ ಕರೆಂಟ್. ಹಿಂದೆ ವೋಲ್ಟೇಜ್ ಸೆಲೆಕ್ಟರ್ ಇದ್ದರೆ 240ಕ್ಕೆ ತಿರುಗಿಸಿ. ನೇರ ಪ್ಲಗ್ ಬೇಡ, ಸೀರೀಸ್ ಲ್ಯಾಂಪ್ ಮೂಲಕ, ಅಂದರೆ ಕರೆಂಟ್ ಒಂದು ಬಲ್ಬ್ ದಾಟಿಯೇ ಸೆಟ್ಟಿಗೆ ಹೋಗುವಂತೆ ಕೊಡಿ. ಹಳೇ ತಂತಿಯ 100 ವಾಟ್ ಬಲ್ಬ್ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಉರಿದು, ಆಮೇಲೆ ಮಂಕಾದರೆ ಸೆಟ್ಟು ಆರೋಗ್ಯ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆರಿಸಿ, ರೆಕ್ಟಿಫೈಯರ್ ವಾಲ್ವ್ ಕಿತ್ತಿಟ್ಟು, ಅದಿಲ್ಲದೆಯೇ ಮತ್ತೆ ಸ್ವಿಚ್ ಹಾಕಿ. ಈಗ ಮಂಕಾದರೆ ದೋಷ ಆ ವಾಲ್ವ್‌ನಲ್ಲಿ ಅಥವಾ ಅದರ ಮುಂದೆ, ಇನ್ನೂ ಉರಿದರೆ ಟ್ರಾನ್ಸ್‌ಫಾರ್ಮರ್ ಕಡೆ. ಕೆಲವು ಜರ್ಮನ್ ಸೆಟ್ಟುಗಳಲ್ಲಿ ವಾಲ್ವ್ ಬದಲು ಸೆಲೆನಿಯಂ ರೆಕ್ಟಿಫೈಯರ್ ಇರುತ್ತದೆ. ಅದು ಸುಟ್ಟರೆ ಬರುವ ಕೊಳೆತ ಮೂಲಂಗಿಯಂಥ ನಾತ ವಿಷ, ತಕ್ಷಣ ಆರಿಸಿ ಕಿಟಕಿ ತೆಗೆಯಿರಿ. ಸ್ಪೀಕರ್ ವೈರ್ ಕಿತ್ತಿಟ್ಟು ವಾಲ್ವ್ ಸೆಟ್ಟನ್ನು ಎಂದೂ ಆನ್ ಮಾಡಬೇಡಿ. ಲೋಡ್ ಇಲ್ಲದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಏರಿ ಒಳಗೇ ಕಿಡಿ ಹಾರುತ್ತದೆ.

ಇನ್ನು ದೋಷ ಹುಡುಕುವುದು. ಸರ್ಕ್ಯೂಟ್ ನಕ್ಷೆ ಇಲ್ಲ ಅಂತ ಜನ ಕೈಚೆಲ್ಲುತ್ತಾರೆ. ಸ್ಟೀರಿಯೋ ಸೆಟ್ಟಿನ ಮಟ್ಟಿಗೆ ಆ ಚಿಂತೆ ಅಷ್ಟೇನೂ ಬೇಡ. ಎಡ ಚಾನೆಲ್ ಕೆಟ್ಟಿದ್ದರೆ ಬಲ ಚಾನೆಲ್ಲೇ ಅದರ ನಕ್ಷೆ. ಎರಡೂ ಒಂದೇ ಅಚ್ಚು. ಬಲಗಡೆಯ ಇಎಲ್84ರ ಮೂರನೇ ಪಿನ್, ಅಂದರೆ ಕ್ಯಾಥೋಡ್‌ನಲ್ಲಿ ಏಳು ವೋಲ್ಟ್ ಇದ್ದು ಎಡಗಡೆ ಹನ್ನೆರಡು ಇದ್ದರೆ, ಎಡಗಡೆಯದು ಜಾಸ್ತಿ ಎಳೆಯುತ್ತಿದೆ. ಎರಡನೇ ಪಿನ್ ಗ್ರಿಡ್. ಅಲ್ಲಿ ಪ್ಲಸ್ ಅರ್ಧ ವೋಲ್ಟ್ ಕಂಡರೂ ಮೇಲೆ ಹೇಳಿದ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಒಂದು ಕಡೆ ಸದ್ದೇ ಇಲ್ಲವೇ? ಆರಿಸಿ, ತಣ್ಣಗಾದ ಮೇಲೆ ಎಡಬಲದ ಔಟ್‌ಪುಟ್ ವಾಲ್ವ್ ಅದಲುಬದಲು ಮಾಡಿ. ದೋಷವೂ ಪಕ್ಕಕ್ಕೆ ಹೋದರೆ ವಾಲ್ವ್ ಕಾರಣ. ಹೋಗದಿದ್ದರೆ ಸ್ಪೀಕರ್ ವೈರ್ ಅದಲಿಸಿ, ಆಮೇಲೆ ಪಿಕಪ್ಪಿನ (ಸೂಜಿ ಕೂರುವ ತುಣುಕಿನ) ವೈರ್. ರೇಡಿಯೋ ಎರಡೂ ಕಡೆ ಕೇಳಿ ರೆಕಾರ್ಡ್ ಮಾತ್ರ ಒಂದೇ ಕಡೆ ಕೇಳಿದರೆ ಆಂಪ್ಲಿಫೈಯರ್ ಮುಟ್ಟುವುದೇ ಬೇಡ. ಇದೆಲ್ಲದಕ್ಕೂ ಮುಂಚೆ ಬ್ಯಾಲೆನ್ಸ್ ನಾಬ್ ನಡುವೆ ಇದೆಯಾ ನೋಡಿ. ನಗಬೇಡಿ, ಅದೊಂದನ್ನೇ ತಿರುಗಿಸಿ ವಾಪಸ್ ಕಳಿಸಿದ ಸೆಟ್ಟುಗಳಿವೆ.

ನಾಬ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ, ಇಪ್ಪತ್ತು ಸಲ ಆಚೀಚೆ ತಿರುಗಿಸಿ. ಬ್ಯಾಂಡಿನ ಗುಂಡಿಗಳಿಗೂ ಅದೇ ಮದ್ದು.

ರೆಕಾರ್ಡ್ ಪ್ಲೇಯರ್ ಭಾಗ ನನಗೆ ಇಷ್ಟದ್ದು, ಮನೆಯವರೂ ಧೈರ್ಯವಾಗಿ ಕೈ ಹಾಕಬಹುದಾದದ್ದು. ಗ್ಯಾರಾರ್ಡ್ ಕಂಪನಿಯದಾಗಲಿ ಬಿಎಸ್‌ಆರ್ ಆಗಲಿ, ರೆಕಾರ್ಡ್ ತಾನೇ ಬೀಳಿಸುವ ಚೇಂಜರ್ ಕೆಲಸ ಮಾಡದಿದ್ದರೆ ನೂರಕ್ಕೆ ತೊಂಬತ್ತು ಪಾಲು ಕಾರಣ ಗ್ರೀಸ್. ಹಚ್ಚಿದಾಗ ಬೆಣ್ಣೆಯಂತಿದ್ದದ್ದು ಈಗ ಅಂಟು. ನಡುವಿನ ಕ್ಲಿಪ್ ತೆಗೆದು ತಟ್ಟೆ ಎತ್ತಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಹಳೇ ಗ್ರೀಸ್ ಪೂರ್ತಿ ಒರೆಸಿ. ಮೋಟಾರಿನ ಬುಷ್‌ಗೆ ಹೊಲಿಗೆ ಮೆಷೀನ್ ಎಣ್ಣೆ ಎರಡು ಹನಿ ಸಾಕು. ಮೋಟಾರ್ ದಂಡಕ್ಕೂ ತಟ್ಟೆಯ ಅಂಚಿಗೂ ನಡುವೆ ಇರುವ ರಬ್ಬರ್ ಚಕ್ರಕ್ಕೆ ಎಣ್ಣೆ ತಾಗಬಾರದು. ಆ ಚಕ್ರದಲ್ಲಿ ಒಂದು ಕಡೆ ತಗ್ಗು ಬಿದ್ದಿದ್ದರೆ ಹಾಡಿನ ಹಿಂದೆ ದಡ್ ದಡ್ ಅನ್ನುತ್ತದೆ. ಗೇರ್ ಹಾಕಿದ ಸ್ಥಿತಿಯಲ್ಲೇ ವರ್ಷಗಟ್ಟಲೆ ಬಿಟ್ಟದ್ದರ ಫಲ ಅದು.

ಮಂಡ್ಯದ ಒಂದು ಮನೆಗೆ ಹೋಗಿದ್ದೆ. ಅಮೆರಿಕದಲ್ಲಿದ್ದ ಅಣ್ಣ ಸಾಮಾನಿನ ಜೊತೆ ತಂದಿಟ್ಟ ಸೆಟ್ಟು, 117 ವೋಲ್ಟಿನದು. ಮಗ ಬುದ್ಧಿವಂತ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಸರಿಯಾಗಿಯೇ ಹಾಕಿದ್ದ. ರೆಕಾರ್ಡ್ ತಿರುಗಿತು, ಆದರೆ ಎಸ್. ಜಾನಕಿಯವರ ದನಿ ಗಂಡಸಿನ ದನಿಯಾಗಿ ಬಂತು. ಅಡುಗೆಮನೆಯಿಂದಲೇ ಅಜ್ಜಿ, "ಮೋಟಾರ್ ಸತ್ತಿಲ್ಲ ಕಣಪ್ಪಾ, ಶ್ರುತಿ ಇಳಿದುಹೋಗಿದೆ" ಅಂದರು. ವೀಣೆ ಕಲಿತವರು, ಕಿವಿ ಸುಳ್ಳು ಹೇಳಲಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಲ್ಲಿನದು 60 ಹರ್ಟ್ಸ್, ನಮ್ಮದು 50. ಮೋಟಾರ್ ಆರರಲ್ಲಿ ಐದು ಪಾಲು ವೇಗದಲ್ಲಿ ಓಡಿ, ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 28ರ ಹತ್ತಿರ ಸುತ್ತುತ್ತದೆ. ಶ್ರುತಿ ಸರಿಸುಮಾರು ಮೂರು ಸ್ವರಸ್ಥಾನ ಕೆಳಗೆ. ಪರಿಹಾರ ಮೋಟಾರ್ ದಂಡದ ಮೆಟ್ಟಿಲು ಮೆಟ್ಟಿಲಾದ ಪುಲ್ಲಿಯಲ್ಲಿದೆ. ಪ್ರತಿ ಮೆಟ್ಟಿಲಿನ ವ್ಯಾಸ 1.2 ಪಟ್ಟು ಆಗಬೇಕು, ಐದು ಮಿಲಿಮೀಟರ್ ಇದ್ದಲ್ಲಿ ಆರು. ಆ ಮಾಡೆಲ್ಲಿನ 50 ಹರ್ಟ್ಸ್ ಪುಲ್ಲಿ ಸಿಕ್ಕರೆ ಸರಿ, ಇಲ್ಲವಾದರೆ ಲೇತ್‌ನವರ ಹತ್ತಿರ ಹಿತ್ತಾಳೆಯಲ್ಲಿ ಮಾಡಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಹಾಡು ಅಲುಗುತ್ತದೆ.

ವೇಗ ಪರೀಕ್ಷೆಗೆ, ಸುತ್ತ ಗೆರೆ ಅಚ್ಚಾದ, ತಟ್ಟೆಯ ಮೇಲಿಡುವ ಸ್ಟ್ರೋಬ್ ಚೀಟಿ ಸಿಗುತ್ತದೆ. 33⅓ಕ್ಕೆ 180 ಗೆರೆ ಇರುವುದು ನಮ್ಮ 50 ಹರ್ಟ್ಸ್‌ನದು. ಮೇನ್ಸ್ ಜೊತೆ ಮಿಣುಕುವ ಬೆಳಕಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಅದನ್ನು ಎಲ್‌ಇಡಿ ಬೆಳಕಲ್ಲಿ ನೋಡಿ "ಏನೂ ಕಾಣ್ತಿಲ್ಲ" ಅನ್ನುವವರು ಇದ್ದಾರೆ. ಬಹಳಷ್ಟು ಎಲ್‌ಇಡಿ ಬಲ್ಬ್ ಮಿಣುಕುವುದೇ ಇಲ್ಲ. ಮೇನ್ಸ್‌ಗೆ ಹಾಕಿದ ಪುಟ್ಟ ನಿಯಾನ್ ಇಂಡಿಕೇಟರ್ ಬೆಳಕು ಹಿಡಿಯಿರಿ.

ಸೂಜಿಯ ವಿಷಯ. ಹಳೇ ಕ್ರಿಸ್ಟಲ್ ಪಿಕಪ್‌ಗಳಲ್ಲಿ ತೇವ ಹೀರುವ ಒಂದು ಉಪ್ಪು ಇರುತ್ತದೆ, ನಮ್ಮ ಮಳೆಗಾಲಗಳನ್ನು ದಾಟಿ ಅದು ಬದುಕಿರುವುದಿಲ್ಲ. ಸೆರಾಮಿಕ್ ಪಿಕಪ್ ಹಾಕಿ. ಹೆಚ್ಚು ದುಡ್ಡು ಕೊಟ್ಟು ಮ್ಯಾಗ್ನೆಟಿಕ್ ಹಾಕಿಸಿ ಸದ್ದೇ ಬರುವುದಿಲ್ಲ ಅಂದರೆ ಸೆಟ್ಟಿನ ತಪ್ಪಲ್ಲ. ಸೆರಾಮಿಕ್ ಕೊಡುವುದು ನೂರಾರು ಮಿಲಿವೋಲ್ಟ್, ಮ್ಯಾಗ್ನೆಟಿಕ್ ನಾಲ್ಕೈದು ಮಾತ್ರ. ನಿಮಿಷಕ್ಕೆ 78 ಸುತ್ತಿನ ಹಳೇ ಪ್ಲೇಟಿಗೆ ಬೇರೆ ದಪ್ಪ ಸೂಜಿ, ಎಲ್‌ಪಿಗೆ ಬೇರೆ. ತೊಳೆಯುವಾಗಲೂ ಭೇದ ಮಾಡಿ. ಎಲ್‌ಪಿ ವಿನೈಲ್, 78ರ ಪ್ಲೇಟಿನಲ್ಲಿ ಅರಗು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಪೆಟ್ಟಿಗೆಯ ಫ್ರೆಂಚ್ ಪಾಲಿಶ್ ಕೂಡ ಅದೇ ಅರಗು, ಸ್ಪಿರಿಟ್ ಬಾಟಲಿಯನ್ನು ಅದರ ಮೇಲೆ ಇಟ್ಟರೂ ಉಂಗುರ ಬೀಳುತ್ತದೆ. 1937ರಲ್ಲೇ ಅರಗು-ಬಣ್ಣದ ಕಾರ್ಖಾನೆ ಶುರುವಾದ ಊರು ನಮ್ಮದು, ಕೈಯಲ್ಲಿ ಪಾಲಿಶ್ ಹಾಕುವವರು ಇನ್ನೂ ಇದ್ದಾರೆ. ಪಾಲಿಯುರೆಥೇನ್ ಬಳಿದು ಪ್ಲಾಸ್ಟಿಕ್‌ನಂತೆ ಹೊಳೆಸುವುದಕ್ಕಿಂತ ಅವರನ್ನು ಕರೆಯಿರಿ.

ಡಯಲ್ ಗಾಜಿನ ಹಿಂಬದಿಯನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಸ್ಟೇಷನ್ ಹೆಸರುಗಳು ಅಚ್ಚಾಗಿರುವುದು ಆ ಕಡೆ. ಸರಸ್ವತಿಪುರಂನ ಒಬ್ಬರು ಒಂದೇ ಸಲ ಒರೆಸಿದ್ದಕ್ಕೆ ಕೊಲಂಬೊದಿಂದ ದೆಹಲಿವರೆಗೆ ಎಲ್ಲ ಬಟ್ಟೆಗೆ ಬಂದಿತ್ತು. ಮೆತ್ತನೆಯ ಬ್ರಷ್ ಸಾಕು.

ರೇಡಿಯೋ ಹಾಡಿದ ಮೇಲೆ ಎಲ್ಲರೂ ಮೊದಲು ಹುಡುಕುವುದು ಮೈಸೂರು ಆಕಾಶವಾಣಿ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ನಿಲಯ ತೆರೆದ ಊರಲ್ಲವೇ, ಸಹಜ. ಈಗ ಅದು ಎಫ್‌ಎಂ 100.6ರಲ್ಲಿದೆ, ಹಳೇ ಜರ್ಮನ್ ಸೆಟ್ಟುಗಳ ಎಫ್‌ಎಂ ಅನೇಕ ಸಲ 100ಕ್ಕೇ ಮುಗಿಯುತ್ತದೆ. ಗೊತ್ತಿರುವವರು ಆಸಿಲೇಟರ್ ಕಾಯಿಲ್ ತುಸು ಹೊಂದಿಸಿ ಬ್ಯಾಂಡನ್ನು ಮೇಲಕ್ಕೆ ಸರಿಸಬಹುದು, ಡಯಲ್ಲಿನ ಅಂಕಿ ಮಾತ್ರ ಆಗ ತಾಳೆಯಾಗುವುದಿಲ್ಲ. ಉಳಿದ ಕಾಯಿಲ್‌ಗಳ ಕೋರ್‌ಗಳಿಗೆ ಸ್ಕ್ರೂ ಡ್ರೈವರ್ ಹಾಕಬೇಡಿ. ಅವು ಸಡಿಲವಾದ ಸ್ಕ್ರೂಗಳಲ್ಲ, ಬಿಗಿ ಮಾಡುವಂಥದ್ದೂ ಅಲ್ಲ.

ಕೊನೆಗೆ ಎಲ್ಲ ಮನೆಯ ಮಕ್ಕಳೂ ಕೇಳುವ ಪ್ರಶ್ನೆ, "ಬ್ಲೂಟೂತ್ ಹಾಕಿಕೊಡ್ತೀರಾ ಅಂಕಲ್?" ಹಾಕಬಹುದು. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಹಿಂದೆ ಟೇಪ್ ರೆಕಾರ್ಡರ್‌ಗೆ ಅಂತ ಸಾಮಾನ್ಯವಾಗಿ ಐದು ಪಿನ್ನಿನ ಸಾಕೆಟ್ ಇರುತ್ತದೆ. ಮೂರು ಮತ್ತು ಐದನೇ ಪಿನ್ ಎಡಬಲ, ಎರಡು ಗ್ರೌಂಡ್. ಬ್ಲೂಟೂತ್ ರಿಸೀವರ್ ಅಲ್ಲಿಗೆ ಸಿಕ್ಕಿಸಿ ಟೇಪ್ ಗುಂಡಿ ಒತ್ತಿದರೆ ಸಾಕು, ಬೇಡವಾದ ದಿನ ಕಿತ್ತರೆ ಗುರುತೂ ಉಳಿಯುವುದಿಲ್ಲ. ಮುಂದಿನ ಬೀಟೆ ಹಲಗೆಗೆ ಯುಎಸ್‌ಬಿ ತೂತು ಕೊರೆದುಕೊಡಿ ಅಂದರೆ ನಾನು ಒಪ್ಪುವುದಿಲ್ಲ, ಎಷ್ಟು ಕೊಟ್ಟರೂ.