ನೀರು ಇಳಿಯುವುದಷ್ಟೇ ಅಲ್ಲ, ಹತ್ತುತ್ತದೆ

ಮಡಿಕೇರಿಯ ನಮ್ಮ ಹಳೆಯ ಮನೆಯ ಮಹಡಿಯಲ್ಲಿರುವ ಬಚ್ಚಲುಮನೆಯನ್ನು ಕಿತ್ತು ಹೊಸದಾಗಿ ಮಾಡಿಸುತ್ತಿದ್ದೆವು. ಕೆಲಸ ಅರ್ಧವಾಗಿದ್ದಾಗ ಗುತ್ತಿಗೆದಾರರು, ಒಪ್ಪಿದ ಮೊತ್ತದ ಮೇಲೆ ಇನ್ನೊಂದು ಚೀಟಿ ತಂದುಕೊಟ್ಟರು. ಅದರಲ್ಲಿ ‘ವಾಟರ್‌ಪ್ರೂಫಿಂಗ್, 248 ಚದರ ಅಡಿ’ ಎಂದಿತ್ತು. ಕೋಣೆ ಇರುವುದೇ ಎಂಟಡಿಗೆ ಐದಡಿ. ನೆಲ 40 ಚದರ ಅಡಿ. ಉಳಿದ 208 ಎಲ್ಲಿಂದ ಬಂತು? ಸುತ್ತಳತೆ 26 ಅಡಿ, ಎತ್ತರ 8 ಅಡಿ. ಬಾಗಿಲು, ಕಿಟಕಿಯನ್ನೂ ಕಳೆಯದೆ ನಾಲ್ಕೂ ಗೋಡೆಗಳನ್ನು ತಾರಸಿಯವರೆಗೆ ಅಳೆದಿದ್ದರು. ಕೇಳಿದ್ದಕ್ಕೆ, “ನಮ್ಮ ಕೊಡಗಿನ ಮಳೆಗೆ ಇಷ್ಟು ಬೇಕೇ ಬೇಕು ಸಾರ್” ಎಂದರು. ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ, “ಬಚ್ಚಲು ಈಶಾನ್ಯದಲ್ಲಿದೆ, ಏನು ಬಳಿದರೂ ಗೋಡೆ ಒಸರುವುದು ನಿಲ್ಲುವುದಿಲ್ಲ” ಎಂದರು.

ಈಶಾನ್ಯದ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಈ ನಂಬಿಕೆಯಿಂದ ಗಟ್ಟಿಯಾಗಿದ್ದ ಬಚ್ಚಲನ್ನು ಒಡೆಸಿ ಸಾಲ ಮಾಡಿಕೊಂಡ ಮನೆಗಳನ್ನು ನೋಡಿ ನೊಂದಿದ್ದೇನೆ. ನಮ್ಮ ಬಚ್ಚಲಿನ ನೀರು ಹೊರಹೋಗುವ ಪೈಪು ಇದ್ದದ್ದು ಆ ಮೂಲೆಯಲ್ಲಿ. ಪೈಪು ನೈಋತ್ಯದಲ್ಲಿದ್ದಿದ್ದರೆ ತೇವವೂ ಅಲ್ಲೇ ಕಾಣಿಸಿಕೊಳ್ಳುತ್ತಿತ್ತು. ನೀರಿಗೆ ದಿಕ್ಕು ಗೊತ್ತಿಲ್ಲ, ಬಿರುಕು ಗೊತ್ತು.

ಮಳೆಯ ಮಾತು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ, ಅದರಲ್ಲಿ ಒಂದು ಸುಂದರವಾದ ಭೌತವಿಜ್ಞಾನ ಅಡಗಿದೆ. ನಮ್ಮ ಮಲಗುವ ಕೋಣೆ ಬಚ್ಚಲಿಗೆ ಒತ್ತಿಕೊಂಡಿದೆ. ಆ ಗೋಡೆಯಲ್ಲಿ ತೇವದ ಕಲೆ ನೆಲದಿಂದ ಎರಡು ಗೇಣು ಮೇಲಕ್ಕೆ ಏರಿತ್ತು, ಬಣ್ಣ ಉದುರಿ ಬಿಳಿ ಉಪ್ಪು ಕಟ್ಟಿತ್ತು. ಸುರಿದದ್ದು ನೆಲದ ಮೇಲೆ, ಕಲೆ ಕಂಡದ್ದು ಗೋಡೆಯ ಮೇಲೆ. ನೀರು ಹತ್ತಿದ್ದು ಹೇಗೆ?

ಐನ್‌ಮನೆಯ, ಅಂದರೆ ಕೊಡವರ ಕುಲದ ಹಿರಿಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ಉರಿಯುವ ದೀಪವನ್ನು ನೋಡಿ. ಎಣ್ಣೆ ಕೆಳಗಿದೆ, ಉರಿ ಬತ್ತಿಯ ತುದಿಯಲ್ಲಿದೆ. ಎಣ್ಣೆಯನ್ನು ಯಾರೂ ಮೇಲಕ್ಕೆ ತಳ್ಳುವುದಿಲ್ಲ. ಕಾಫಿಗೆ ರಸ್ಕಿನ ತುದಿಯನ್ನು ಮಾತ್ರ ಅದ್ದಿದರೂ ಕಾಫಿ ಬೆರಳಿನ ತನಕ ಬರುತ್ತದೆ. ತುಂಬಿದ ಬಕೆಟ್ಟಿನ ಅಂಚಿನಿಂದ ಹೊರಕ್ಕೆ ಜೋತುಬಿದ್ದ ಪಂಚೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಮೂರರಲ್ಲೂ ಕೆಲಸ ಮಾಡುವುದು ಕೂದಲೆಳೆಯಂಥ ಸಂದುಗಳು. ಸಂದಿನ ಗೋಡೆ ನೀರನ್ನು ತನ್ನತ್ತ ಸೆಳೆಯುತ್ತದೆ; ಅಂಚಿನ ನೀರು ಒಂದಿಷ್ಟು ಏರಿದೊಡನೆ ಮೇಲ್ಮೈ ಸೆಳೆತ ನಡುವಿನ ನೀರನ್ನೂ ಎಳೆದುಕೊಳ್ಳುತ್ತದೆ. ಇದೇ ಲೋಮನಾಳ ಕ್ರಿಯೆ. ಗಾಳಿಯ ಒತ್ತಡವೇ ನೀರನ್ನು ಏರಿಸುತ್ತದೆ ಎಂದು ಒಂದು ಕಾಲದಲ್ಲಿ ನಂಬಿದ್ದರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಹಾಕ್ಸ್‌ಬೀ ಗಾಳಿ ತೆಗೆದ ಪಾತ್ರೆಯಲ್ಲೂ ನೀರು ಏರುವುದನ್ನು ತೋರಿಸಿದರು. 1718ರಲ್ಲಿ ಅದೇ ದೇಶದ ಜೇಮ್ಸ್ ಜ್ಯೂರಿನ್ ನಿಯಮವನ್ನೇ ಕೊಟ್ಟರು: ನಾಳ ಎಷ್ಟು ಕಿರಿದೋ ನೀರು ಅಷ್ಟು ಎತ್ತರ. 1901ರಲ್ಲಿ ಪ್ರಕಟವಾದ ಐನ್‌ಸ್ಟೈನರ ಮೊತ್ತಮೊದಲ ಸಂಶೋಧನಾ ಪ್ರಬಂಧದ ವಿಷಯವೂ ಇದೇ ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಸಾಪೇಕ್ಷತೆಗೆ ನಾಲ್ಕು ವರ್ಷ ಮೊದಲು ಅವರು ಯೋಚಿಸುತ್ತಿದ್ದದ್ದು ನಮ್ಮ ಬಚ್ಚಲ ಗೋಡೆಯಲ್ಲಿ ನಡೆಯುವುದನ್ನೇ!

ಒಂದು ಮಿ.ಮೀ. ವ್ಯಾಸದ ಗಾಜಿನ ನಾಳದಲ್ಲಿ ನೀರು ಸುಮಾರು 3 ಸೆಂ.ಮೀ. ಏರುತ್ತದೆ. ವ್ಯಾಸ ಅದರ ನೂರರಲ್ಲೊಂದು ಪಾಲಾದರೆ ಲೆಕ್ಕದ ಪ್ರಕಾರ 3 ಮೀಟರ್. ಗಾರೆಯೊಳಗೆ ಇನ್ನೂ ಕಿರಿದಾದ ನಾಳಗಳಿವೆ. 50 ಕಿಲೋ ಸಿಮೆಂಟು ಗಟ್ಟಿಯಾಗುವ ರಾಸಾಯನಿಕ ಕ್ರಿಯೆಗೆ ಸುಮಾರು 12 ಲೀಟರ್ ನೀರು ಸಾಕು, ಆದರೆ ಕರಣೆಯಲ್ಲಿ ಎಳೆಯಲು ಹದವಾಗಲೆಂದು ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಸುರಿಯುತ್ತಾರೆ. ಮಿಕ್ಕ ನೀರು ಆರಿಹೋಗುತ್ತದೆ, ಅದಿದ್ದ ಜಾಗ ಸಂದಾಗಿ ಉಳಿಯುತ್ತದೆ. ಟೈಲ್ಸಿನ ನಡುವೆ ತುಂಬುವ ಸಿಮೆಂಟ್ ಗ್ರೌಟ್ ಕೂಡ ಹೀಗೆಯೇ. ಟೈಲ್ಸ್ ಹಾಕಿದ ನೆಲದಲ್ಲಿ ನೀರು ಇಳಿಯದು ಎಂಬ ನಂಬಿಕೆ ಅದಕ್ಕೇ ತಪ್ಪು. ಟೈಲ್ಸ್ ಸವೆತ ತಡೆಯುವ ಹೊದಿಕೆ. ನೀರನ್ನು ತಡೆಯಬೇಕಾದ್ದು ಅದರ ಕೆಳಗಿನ ಪದರ. ಹಾಗಾಗಿ ವಾಟರ್‌ಪ್ರೂಫಿಂಗ್ ಬೇಡವೇ ಬೇಡ ಎಂದು ನಾನು ವಾದಿಸಲಿಲ್ಲ.

ನಿಜವಾದ ಗೋಡೆಯಲ್ಲಿ ನೀರು ಮೂರು ಮೀಟರ್ ಏರುವುದಿಲ್ಲ, ಏಕೆಂದರೆ ಏರುತ್ತಲೇ ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತದೆ. ಕೊಡಗಿನ ಮಳೆಯ ಪಾತ್ರ ಇರುವುದು ಇಲ್ಲಿ. ಜುಲೈ-ಆಗಸ್ಟಿನ ಕಕ್ಕಡ ಮಾಸದಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಗೋಡೆಯೂ ಒಣಗುವುದಿಲ್ಲ. ಒಳಗಿನಿಂದ ಅಷ್ಟೇ ನೀರು ಏರುತ್ತಿದ್ದರೂ ಹೊರಹೋಗುವ ದಾರಿ ಮುಚ್ಚಿದ್ದರಿಂದ ಕಲೆ ಇನ್ನಷ್ಟು ಮೇಲಕ್ಕೆ ಹರಡುತ್ತದೆ. ಫೆಬ್ರವರಿಯಲ್ಲಿ ಮಾಯವಾಗಿದ್ದ ಕಲೆ ಜುಲೈಯಲ್ಲಿ ಮರಳಿ ಬಂದಾಗ ಮಳೆನೀರೇ ಒಳಗೆ ಬಂತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಹೊರಗೋಡೆಗೆ ಬಡಿಯುವ ಮಳೆಯನ್ನು ಹೊರಗಡೆಯೇ ತಡೆಯಬೇಕು. ಬಚ್ಚಲಿನ ಒಳಗೆ ತಾರಸಿಯವರೆಗೆ ಬಳಿದರೆ ಆ ಮಳೆ ನಿಲ್ಲುವುದಿಲ್ಲ.

ಚೀಟಿಯಲ್ಲಿ ಇನ್ನೊಂದು ಸಾಲಿತ್ತು: ಗಾರೆಗೆ ಬೆರೆಸುವ ವಾಟರ್‌ಪ್ರೂಫ್ ದ್ರಾವಣಕ್ಕೆ ಬೇರೆ ಹಣ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ನೋಡದವರು ಕೊಡಗಿನಲ್ಲಿ ಯಾರಿದ್ದಾರೆ? ಇಂಥ ಹಲವು ದ್ರಾವಣಗಳು ಗಾರೆಯ ಸಂದಿನ ಒಳಮೈಯನ್ನು ಕೆಸುವಿನ ಎಲೆಯಂತೆ ಮಾಡುತ್ತವೆ. ಸೆಳೆಯುತ್ತಿದ್ದ ನಾಳವೇ ನೀರನ್ನು ದೂಡುತ್ತದೆ. ಒಳ್ಳೆಯ ಉಪಾಯವೇ. ಆದರೆ ಬಿರುಕು ಬಿಟ್ಟಲ್ಲಿ, ಪೈಪಿನ ಸುತ್ತ, ನೆಲ ಗೋಡೆ ಸೇರುವ ಮೂಲೆಯಲ್ಲಿ ಅದು ಏನನ್ನೂ ತಡೆಯುವುದಿಲ್ಲ. ಒಂದು ಮೂಟೆ ಸಿಮೆಂಟಿಗೆ ಸಾಮಾನ್ಯವಾಗಿ ಬೇಕಾಗುವುದು 200 ಮಿ.ಲೀ. ಮಾತ್ರ. ನಮ್ಮ ಕೆಲಸಕ್ಕೆ ಎಷ್ಟು ಮೂಟೆ ಎಂದು ಕೇಳಿದೆ. ಮೇಸ್ತ್ರಿ ಎಣಿಸಿ ಹೇಳಿದರು. ಅಷ್ಟಕ್ಕೆ ಎಷ್ಟು ಡಬ್ಬಿ ಬೇಕೆಂಬುದು ಅಲ್ಲೇ ತಿಳಿಯಿತು, ಆ ಸಾಲಿನ ಮೊತ್ತ ಇಳಿಯಿತು.

ಗುತ್ತಿಗೆದಾರರ ಜೊತೆ ಕುಳಿತು ಮತ್ತೆ ಅಳೆದೆವು. ನೆಲ 40. ಸುತ್ತಲೂ ಒಂದಡಿ ಎತ್ತರಕ್ಕೆ 26. ಶವರ್ ಇರುವ ಮೂಲೆಯಲ್ಲಿ ಎರಡೂ ಕಡೆ ಮೂರು ಮೂರು ಅಡಿ ಅಗಲ, ಆರಡಿ ಎತ್ತರದವರೆಗೆ, ಆಗಲೇ ಎಣಿಸಿದ ಕೆಳಗಿನ ಒಂದಡಿ ಬಿಟ್ಟು, ಇನ್ನು 30. ಒಟ್ಟು 96. ಅವರು ಬೇಸರಿಸಲಿಲ್ಲ. ನಾನೂ ಒಂದು ಕಡೆ ಹೆಚ್ಚು ಕೊಟ್ಟೆ: ಪೈಪಿನ ಸುತ್ತ ಮತ್ತು ನೆಲ ಗೋಡೆ ಕೂಡುವಲ್ಲಿ ಬಲೆಯ ಪಟ್ಟಿ ಇಟ್ಟು ಬಳಿಯುವುದು ಅವರ ಚೀಟಿಯಲ್ಲೇ ಇರಲಿಲ್ಲ. ಅತಿ ಹೆಚ್ಚು ಬೇಕಾದದ್ದೇ ಬಿಟ್ಟುಹೋಗಿತ್ತು.

ಎರಡು ಕೋಟು ಬಳಿದು ಒಣಗಿದ ಮೇಲೆ, ಟೈಲ್ಸ್ ಹಾಕುವ ಮುನ್ನ, ನೀರು ಹೋಗುವ ಬಾಯಿಯನ್ನು ಮುಚ್ಚಿ ನೆಲದ ಮೇಲೆ ಎರಡು ಅಂಗುಲ ನೀರು ನಿಲ್ಲಿಸಿದೆವು. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಮರುದಿನ ನೀರು ಗೆರೆಗಿಂತ ಬೆರಳಿನಷ್ಟು ಕೆಳಗಿತ್ತು. ಕೆಳಗಿನ ಕೋಣೆಯ ಚಾವಣಿಯಲ್ಲಿ, ನಹಾನಿ ಟ್ರ್ಯಾಪಿನ (ನೆಲದ ನೀರು ಪೈಪಿಗೆ ಇಳಿಯುವ ಬಾಯಿಯ) ಸರಿಯಾಗಿ ಅಡಿಗೆ, ಅಂಗೈಯಗಲದ ತೇವ. ಮೇಸ್ತ್ರಿ ಅಷ್ಟು ಜಾಗವನ್ನು ಮಾತ್ರ ಕೆತ್ತಿ, ಪಟ್ಟಿ ಸುತ್ತಿ, ಮತ್ತೆ ಬಳಿದರು. ನಾಲ್ಕು ದಿನ ಬಿಟ್ಟು ಪುನಃ ನೀರು ತುಂಬಿಸಿದೆವು. 24 ಗಂಟೆಯ ಬಳಿಕ ನೀರು ಗೆರೆಯಲ್ಲೇ ನಿಂತಿತ್ತು. 96 ಚದರ ಅಡಿಯ ಹಣವನ್ನು ಅಂದೇ ಕೊಟ್ಟೆ.